ಆಚೆ ದೇಶದ ಕೊಟ್ಟಿಗೆ

"ಬಾಲ ಎತ್ತಿದಾಳೆ," ಎಂದ ಜಟ್ಟಿ, ಫೋನಿನಿಂದ ಕಣ್ಣು ತೆಗೆಯದೆ.

"ಯಾರು?" ಹೆಂಡತಿ ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. ಮೇವು ಕೊಯ್ಯಲು ಹೊರಟಿದ್ದಳು, ಕೈಯಲ್ಲಿ ಕುಡುಗೋಲಿತ್ತು.

"ಕೆಂಪು ಬೂಟಿನವನ ಬಿಳಿಮೂತಿ. ಆಗ್ಲೇ ಎರಡು ಸಲ ಮಲಗಿ ಎದ್ದಳು. ಇನ್ನು ತಡ ಇಲ್ಲ."

"ಚೆನ್ನಾಯ್ತು. ನಮ್ಮನೆ ದನಕ್ಕೆ ಒಂದು ಬಕೆಟ್ ನೀರಿಡೋಕೆ ಆಗಲ್ಲ, ಕಂಡು ಕೇಳದ ದೇಶದ ಹಸುವಿನ ಬಾಣಂತನ ಮಾತ್ರ ಚಾಚೂ ತಪ್ಪದೆ ನಡೀತಿದೆ."

ಹೇಳಿದಳೇ ಹೊರತು ಹೋಗಲಿಲ್ಲ. ಅವನ ಹೆಗಲ ಮೇಲಿಂದ ಬಗ್ಗಿ ತಾನೂ ನೋಡಿದಳು. ಇಲ್ಲಿ ಊಟ ಮುಗಿದ ಮಧ್ಯಾಹ್ನ, ಅಲ್ಲಿ ರಾತ್ರಿ. ದೀಪದ ಬೆಳಕಿನಲ್ಲಿ ದಪ್ಪಗೆ ಹಾಸಿದ ಒಣಹುಲ್ಲು, ಸುತ್ತ ಕಬ್ಬಿಣದ ಕಂಬಿ, ನಡುವೆ ಬಿಳಿ ಮೂತಿಯ ದೊಡ್ಡ ಹಸು ಸುತ್ತು ಹಾಕುತ್ತಿತ್ತು.

"ಚೊಚ್ಚಲೇನ್ರೀ?"

"ಹೂಂ."

"ಹಂಗಾದ್ರೆ ಅವನಿಗೆ ಸ್ವಲ್ಪ ಹುಷಾರಾಗಿರಕ್ಕೆ ಹೇಳಿ," ಎಂದು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಜಟ್ಟಿ ಎಂಬುದು ಹೆತ್ತವರಿಟ್ಟ ಹೆಸರಲ್ಲ. ವಯಸ್ಸಿನಲ್ಲಿ, ಹಗ್ಗ ಕಿತ್ತುಕೊಂಡು ಓಡುವ ಹೋರಿಯನ್ನು ಬರಿಗೈಯಲ್ಲಿ ಮೂಗು ಹಿಡಿದು ನಿಲ್ಲಿಸುತ್ತಾನೆಂದು ಅಕ್ಕಪಕ್ಕದವರು ಇಟ್ಟದ್ದು, ಹಾಗೇ ಅಂಟಿಕೊಂಡಿತು. ಈಗ ಆ ಜಟ್ಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ತೊಡೆಗೊಂದು ಊರುಗೋಲು ಒರಗಿಸಿಕೊಂಡು ಕೂತಿದ್ದ. ಕಿಟಕಿಯಾಚೆ ಅಂಗಳ, ಅಂಗಳದಾಚೆ ತನ್ನದೇ ಕೊಟ್ಟಿಗೆ. ಹತ್ತು ಹೆಜ್ಜೆ ದೂರವಿಲ್ಲ. ಕಳೆದ ಮಳೆಗಾಲ ಮುಗಿಯುವಾಗ ಆ ಕೊಟ್ಟಿಗೆಯಿಂದ ಅವನನ್ನು ಎಳೆದು ತಂದದ್ದು, ಮತ್ತೆ ಅವನು ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಅವನ ಹಸು ಮಚ್ಚೆ ಅಂದು ತಾನೇ ಕರು ಹಾಕಿತ್ತು. ಹುಟ್ಟಿದ ಕರುವಿನ ಮೂಗು ಬಾಯಿ ಒರೆಸಲು ಗೋಣಿಚೀಲ ಹಿಡಿದು, ಎಷ್ಟೋ ಹಸುಗಳ ಹತ್ತಿರ ಹೋದ ಹಾಗೇ ಇದರ ಹತ್ತಿರವೂ ಹೋದ. ಮಚ್ಚೆ ತಲೆ ತಗ್ಗಿಸಿತು. ಆಮೇಲೆ ಗೋಡೆ, ಹಸುವಿನ ಹಣೆ, ನಡುವೆ ತಾನು, ಇಷ್ಟೇ ಅವನಿಗೆ ನೆನಪು. ಹೆಂಡತಿ ಹಿಂಡಿ ಡಬ್ಬದ ಮುಚ್ಚಳದಿಂದ ಅದರ ಮೂತಿಗೆ ಬಡಿದು ಬಡಿದು ಬಿಡಿಸಿದಳಂತೆ. ತೊಡೆಯ ಮೂಳೆಗೆ ಸರಳು ಹಾಕಿದರು. ಗಾಯ ಮಾಯಿತು, ಮೂಳೆ ಕೂಡಿತು, "ಆ ಕೋಲು ಬಿಸಾಕಿ, ಧಾರಾಳವಾಗಿ ನಡೀರಿ" ಎಂದು ಡಾಕ್ಟರು ಹೇಳಿಯೂ ಬಹಳ ದಿನವಾಗಿತ್ತು. ನೋವು ಎಂದ ಜಟ್ಟಿ. ನೋವು ಎನ್ನುವುದು ಬಹಳ ಅನುಕೂಲದ ಮಾತು. ಯಾರೂ ಬಿಚ್ಚಿ ನೋಡುವ ಹಾಗಿಲ್ಲ.

ನಿಜ ಬೇರೆಯಿತ್ತು. ಹೆಂಡತಿ ಮನೆಯಲ್ಲಿಲ್ಲದ ಒಂದು ದಿನ ಕೋಲನ್ನು ಕುರ್ಚಿಯಲ್ಲೇ ಬಿಟ್ಟು, ಯಾರ ಆಸರೆಯೂ ಇಲ್ಲದೆ ಅಂಗಳ ದಾಟಿದ್ದ. ಕಾಲು ಸೊಗಸಾಗಿಯೇ ನಡೆಯಿತು. ಕೊಟ್ಟಿಗೆಯ ಹೊಸ್ತಿಲಲ್ಲಿ ಮಚ್ಚೆ ಸುಮ್ಮನೆ ಒಮ್ಮೆ ತಿರುಗಿ ಫೂ ಎಂದು ಉಸಿರು ಬಿಟ್ಟಿತು, ಅಷ್ಟೇ. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತು. ಅಲ್ಲೇ ಕುಸಿದು ಕೂತ. ಆಮೇಲೆ ಗೋಡೆ ಹಿಡಿದು ಎದ್ದು, ಮನೆಗೆ ಬಂದು, ಕುರ್ಚಿಯಲ್ಲಿ ಕೂತು ಕೋಲನ್ನು ತೊಡೆಗೆ ಒರಗಿಸಿಕೊಂಡ. ಜಟ್ಟಿ ಅನ್ನಿಸಿಕೊಂಡವನು ತನ್ನ ಮನೆಯ ಹಸುವಿಗೆ ಹೆದರುತ್ತೇನೆಂದು ಯಾರ ಮುಂದೆ ಹೇಳುವುದು? ಬೆಳಗಿನ ಹಾಲು, ಸಂಜೆಯ ಹಾಲು, ಸಗಣಿ, ಮೇವು ಎಲ್ಲ ಹೆಂಡತಿಯ ಪಾಲಾಯಿತು. ಅವಳು ಮಚ್ಚೆಯ ಕೆಳಗೆ ಕೂತು ಹಾಲು ಕರೆಯುವಾಗ ಕಿಟಕಿಯಿಂದ ಆ ಕಡೆ ನೋಡದೆ ಫೋನು ನೋಡುತ್ತ ಕೂರುವುದು ಅವನ ಪಾಲಾಯಿತು. ಮಾರಿಬಿಡೋಣ ಎಂದು ಒಂದು ಸಲ ಬಾಯಿಬಿಟ್ಟಿದ್ದ. "ಕ್ಯಾನಿನ ಅರ್ಧ ಹಾಲು ಅದರದ್ದು. ಮಾರಿ ಏನು ಗಂಜಲ ಹಾಕ್ತೀರಾ ಡೇರಿಗೆ?" ಎಂದಿದ್ದಳು.

ಹಾಗೆ ಫೋನು ನೋಡುತ್ತ ಕೂತವನಿಗೆ ಸಿಕ್ಕಿದ್ದು ಆ ಗುಂಪು. ಹಿಮ ಬೀಳುವ ದೇಶದವರು, ಮರಳಿನ ದೇಶದವರು, ಮೂರು ಹಸು ಇಟ್ಟವರು, ಮುನ್ನೂರು ಇಟ್ಟವರು, ಎಲ್ಲರೂ ದನದವರೇ. ಯಾವ ಭಾಷೆಯಲ್ಲಿ ಮಾತಾಡಿ ಕಳಿಸಿದರೂ ಫೋನು ಅದನ್ನು ನಮ್ಮ ಭಾಷೆಗೆ ತಿರುಗಿಸಿ ಓದುತ್ತಿತ್ತು, ಆದರೆ ಓದುವ ಶೈಲಿಯೇ ಬೇರೆ. "ನಿಮ್ಮ ಗೋವಿನ ಕೆಚ್ಚಲಿನ ಯೋಗಕ್ಷೇಮವನ್ನು ತಿಳಿಯಲು ನಾನು ಇಚ್ಛಿಸುತ್ತೇನೆ" ಎಂದು ಅದು ಗಂಭೀರವಾಗಿ ನುಡಿದಾಗ ಹೆಂಡತಿ ಒಲೆಯ ಮುಂದಿನಿಂದಲೇ, "ಇವನು ದನ ಸಾಕ್ತಾನೋ ಕಚೇರೀಲಿ ಗುಮಾಸ್ತನೋ?" ಎಂದು ನಕ್ಕಿದ್ದಳು. ಶೈಲಿ ಏನೇ ಇರಲಿ, ದೂರುಗಳು ಮಾತ್ರ ಎಲ್ಲ ದೇಶದಲ್ಲೂ ಒಂದೇ. ಮದುವೆಗೆ ಹೋದರೂ ಹಾಲು ಕರೆಯುವ ಹೊತ್ತಾಯಿತೆಂದು ಅರ್ಧ ಊಟಕ್ಕೆ ಎದ್ದು ಬಂದವರೇ ಎಲ್ಲರೂ. ಹಸುವಿಗೆ ರಜೆ ಗೊತ್ತಿಲ್ಲ. ಹಗ್ಗದ ಒಂದು ತುದಿಗೆ ಹಸು ಕಟ್ಟಿದ್ದೇವೆ, ಇನ್ನೊಂದು ತುದಿಗೆ ನಾವೇ ಕಟ್ಟಿಕೊಂಡಿದ್ದೇವೆ ಎಂದು ಯಾರೋ ಬರೆದರೆ, ಅದಕ್ಕೆ ಹೌದು ಹೌದು ಎಂದು ಎಲ್ಲ ದಿಕ್ಕಿನಿಂದಲೂ ಉತ್ತರ ಬಂದಿತ್ತು.

ಸರದಿ ಕಾವಲಿನ ಉಪಾಯ ತೆಗೆದವಳು ಟೋಪಿಯಮ್ಮ. ಬಿಸಿಲಿರಲಿ ಚಳಿಯಿರಲಿ ತಲೆಯ ಮೇಲೆ ಉಣ್ಣೆಯ ಟೋಪಿ ಇರುತ್ತಿದ್ದರಿಂದ ಗಂಡಹೆಂಡಿರು ಅವಳಿಗೆ ಆ ಹೆಸರಿಟ್ಟಿದ್ದರು, ಸದಾ ಕೆಂಪು ಬೂಟಿನಲ್ಲಿರುವವನಿಗೆ ಇಟ್ಟ ಹಾಗೆಯೇ. ಕರು ಹಾಕುವ ಹಸುವಿಗಾಗಿ ರಾತ್ರಿಯೆಲ್ಲ ನಿದ್ದೆಗೆಡುವುದೇಕೆ, ನಿಮ್ಮ ರಾತ್ರಿ ಇನ್ನೊಬ್ಬರಿಗೆ ಹಗಲಲ್ಲವೇ ಎಂದಳು. ಎಲ್ಲರ ಕೊಟ್ಟಿಗೆಗೂ, ಫೋನಿನಲ್ಲಿ ಗುಂಡಿ ಒತ್ತಿದರೆ ನಮ್ಮ ಮಾತೂ ಅಲ್ಲಿ ಕೇಳಿಸುವಂಥ ಕ್ಯಾಮೆರಾ ಬಂತು. ಹಗಲಿನ ದೇಶದವರು ರಾತ್ರಿಯ ದೇಶದ ಹಸುವನ್ನು ಕಾಯುವುದು, ಕರುವಿಗೆ ಮುಂಚೆ ಹೊರಬರುವ ನೀರುಚೀಲ ಕಂಡ ಕೂಡಲೇ ಫೋನು ಮಾಡಿ ಎಬ್ಬಿಸುವುದು. ಜಟ್ಟಿಯ ಕಂದು ಹಸು ಈದ ರಾತ್ರಿ ಕರುವಿನ ಹಿಂಗಾಲು ಮೊದಲು ಕಂಡದ್ದು ಕೆಂಪು ಬೂಟಿನವನಿಗೆ. ಬಿಡದೆ ಫೋನು ಹೊಡೆದು ಇವರನ್ನು ಎಬ್ಬಿಸಿದ. ಹೆಂಡತಿ ಓಡಿಹೋಗಿ ಒಬ್ಬಳೇ ಎಳೆದು ಉಳಿಸಿಕೊಂಡಳು. ಆ ಕರುವಿಗೆ ಇವತ್ತಿಗೂ ಮನೆಯಲ್ಲಿ ಕೆಂಪು ಬೂಟಿನವನ ಕರು ಎಂದೇ ಹೆಸರು. ಅಂದಿನಿಂದ ಕಾವಲನ್ನು ಅವಳು ತಮಾಷೆ ಮಾಡುತ್ತಿದ್ದಳೇ ಹೊರತು ಬೇಡವೆನ್ನುತ್ತಿರಲಿಲ್ಲ.

ಜಟ್ಟಿಗಂತೂ ಅದೊಂದೇ ಕೆಲಸ ಉಳಿದಿತ್ತು. ಕೆಂಪು ಬೂಟಿನವನ ಕೊಟ್ಟಿಗೆಯ ಮೂಲೆಮೂಲೆಯೂ ಅವನಿಗೆ ಗೊತ್ತು. ಯಾವ ಹಸು ಒದೆಯುತ್ತದೆ, ಯಾವ ಕಂಬಿ ಸಡಿಲ, ಎಲ್ಲ ಬಾಯಿಪಾಠ. ಆದರೆ ಆ ಮನುಷ್ಯನ ಊರಿನ ಹೆಸರು ಗೊತ್ತಿರಲಿಲ್ಲ. ಒಬ್ಬನೇ ಇರುತ್ತಾನೆ, ಮನೆ ಉಳಿದ ಮನೆಗಳಿಂದ ದೂರ ಎಂಬುದಷ್ಟೇ ಗೊತ್ತು.

ನೀರುಚೀಲ ಕಂಡಿತು. ಜಟ್ಟಿ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಕೆಂಪು ಬೂಟಿನವನು ಮಲಗುವ ಬಟ್ಟೆಯ ಮೇಲೆ ಕೋಟು ಹಾಕಿಕೊಂಡು, ಬೂಟಿನ ಕಾಲು ಎಳೆಯುತ್ತ ಬಂದ. ಕ್ಯಾಮೆರಾದ ಕಡೆ ಕೈಯೆತ್ತಿದ. ಇವನೂ ಇಲ್ಲಿ, ಯಾರೂ ನೋಡದ ಕೋಣೆಯಲ್ಲಿ, ಕೈಯೆತ್ತಿದ. ಕರು ಯಾವ ತಕರಾರೂ ಇಲ್ಲದೆ ಜಾರಿ ಹುಲ್ಲಿನ ಮೇಲೆ ಬಿತ್ತು. ಬಿಳಿಮೂತಿ ಎದ್ದು ತಿರುಗಿ ನೆಕ್ಕತೊಡಗಿತು. ಜಟ್ಟಿ ಕುರ್ಚಿಗೆ ಒರಗಿ ಉಸಿರು ಬಿಟ್ಟ.

ಆಗ ಕೆಂಪು ಬೂಟಿನವನು ಗೋಣಿಚೀಲ ಹಿಡಿದು ಕಂಬಿಯೊಳಕ್ಕೆ ಬಂದ.

"ಬೇಡ," ಎಂದ ಜಟ್ಟಿ. ಮಾತಾಡುವ ಗುಂಡಿ ಒತ್ತಿರಲಿಲ್ಲ, ಯಾರಿಗೂ ಕೇಳಲಿಲ್ಲ.

ಬಿಳಿಮೂತಿ ನೆಕ್ಕುವುದನ್ನು ನಿಲ್ಲಿಸಿತು. ತಲೆ ತಗ್ಗಿಸಿತು. ಹಾಗೆ ತಗ್ಗಿದ ತಲೆಯನ್ನು ಜಟ್ಟಿ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದ. ಬೆರಳು ಗುಂಡಿಯನ್ನು ಹುಡುಕುವಷ್ಟರಲ್ಲಿ ಕೆಂಪು ಬೂಟಿನವನು ಕಂಬಿಗೆ ಅಪ್ಪಳಿಸಿ ಕೆಳಗೆ ಬಿದ್ದಿದ್ದ, ಹಸು ಹಣೆಯಿಂದ ಅವನನ್ನು ನೆಲಕ್ಕೆ ಒತ್ತುತ್ತಿತ್ತು. ಬೂಟುಗಳೆರಡು ಹುಲ್ಲನ್ನು ಕೆದರುತ್ತಿದ್ದವು.

"ಹೇಯ್! ಹೈ! ಹೈ! ತೊಲಗು ಅತ್ಲಾಗೆ!"

ದನ ಕಾಯುವವನ ಬಾಯಿಂದ ತಾನೇ ಹೊರಡುವ ಕೂಗು ಅದು. ಇಲ್ಲಿಯ ಯಾವ ಹಸುವಾದರೂ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಆದರೆ ಬಿಳಿಮೂತಿ ಹುಟ್ಟಿದಂದಿನಿಂದ ಅಂಥ ದನಿ ಕೇಳಿದ್ದಲ್ಲ. ಕರುವಿನ ತಲೆಯ ಮೇಲಿಂದ ಇನ್ನೊಬ್ಬ ಶತ್ರು ಬಂದನೆಂದುಕೊಂಡಿತೋ ಏನೋ, ಬೆಚ್ಚಿ ಕಾಲೂರಿ ಇನ್ನೂ ಬಲವಾಗಿ ಒತ್ತಿತು. ಕೆಳಗಿದ್ದವನ ನರಳಾಟ ಫೋನಿನಲ್ಲಿ ಸಣ್ಣಗೆ ಕೇಳಿತು. ಜಟ್ಟಿ ಮತ್ತೆ ಕೂಗಲು ಬಾಯಿ ತೆರೆದವನು ತಡೆದುಕೊಂಡ. ಕೂಗಿದಷ್ಟೂ ಅದು ಒತ್ತುತ್ತದೆ. ತನ್ನ ಬಾಯಿಂದಲೇ ಅವನ ಪ್ರಾಣ ಹೋಗುತ್ತದೆ.

ಕ್ಯಾಮೆರಾ ಇದ್ದದ್ದು ಮೇವಿನ ತೊಟ್ಟಿಯ ಮೇಲೆ. ಆ ತೊಟ್ಟಿಗೆ ಹಿಂಡಿ ಸುರಿಯುವಾಗಲೆಲ್ಲ ಕೆಂಪು ಬೂಟಿನವನು ತುಟಿ ಅದುರಿಸಿ ಒಂದು ಕರೆ ಕೊಡುತ್ತಿದ್ದ. "ಬ್ರೂ...ಹೇ, ಬ್ರೂ...ಹೇ." ಮೊದಲು ದಪ್ಪ ದನಿ, ಕೊನೆಗೆ ಎಳೆದು ಎಳೆದು ತೆಳ್ಳಗೆ. ಜಟ್ಟಿ ಅದನ್ನು ಅಣಕಿಸಿ ಹೆಂಡತಿಯನ್ನು ಎಷ್ಟೋ ಸಲ ನಗಿಸಿದ್ದ. ಈಗ ಗುಂಡಿ ಒತ್ತಿ ತುಟಿ ಕೂಡಿಸಿದ. ಬರೀ ಗಾಳಿ ಬಂತು. ಬಾಯಲ್ಲಿ ಹನಿ ಎಂಜಲಿರಲಿಲ್ಲ. ಮಗ್ಗುಲಲ್ಲಿದ್ದ ನೀರಿನ ಲೋಟ ಎತ್ತಿ ಅರ್ಧ ಮೈಮೇಲೆ ಚೆಲ್ಲಿಕೊಂಡು ಕುಡಿದ.

"ಬ್ರೂ...ಹೇ. ಬ್ರೂ...ಹೇ."

ಹಸುವಿನ ಒಂದು ಕಿವಿ ತಿರುಗಿತು.

ಕಿರುಚಬಾರದು. ಅವಸರ ತೋರಿಸಬಾರದು. ದಿನದ ಹಿಂಡಿ ಸುರಿಯುತ್ತಿರುವ ಮನುಷ್ಯನ ಹಾಗೆ, ಏನೂ ಆಗಿಯೇ ಇಲ್ಲವೆಂಬ ಹಾಗೆ ಕರೆಯಬೇಕು. ಜಟ್ಟಿ ಹಾಗೇ ಕರೆದ. ಬಿಳಿಮೂತಿ ತಲೆ ಎತ್ತಿತು. ಕೆಳಗೆ ಬಿದ್ದವನನ್ನು ನೋಡಿತು, ತೊಟ್ಟಿಯ ಕಡೆ ನೋಡಿತು. ಹೆಜ್ಜೆ ಹಾಕಿಕೊಂಡು ಬಂದು, ಫೋನಿನ ತುಂಬ ಅದರ ಒದ್ದೆ ಮೂಗೇ ಕಾಣುವಷ್ಟು ಹತ್ತಿರ ನಿಂತಿತು. ತೊಟ್ಟಿ ಖಾಲಿ. ಹೋಗಿಬಿಟ್ಟೀತೆಂದು ಇವನು ಕರೆಯುತ್ತಲೇ ಇದ್ದ. ಅದರ ಬೆನ್ನ ಹಿಂದೆ ಕೆಂಪು ಬೂಟುಗಳು ನಿಧಾನವಾಗಿ, ಒಂದು ಮಾತ್ರ ಅಲ್ಲಾಡುತ್ತ, ಇನ್ನೊಂದು ಸುಮ್ಮನೆ ಎಳೆಸಿಕೊಳ್ಳುತ್ತ, ಕೆಳಗಿನ ಕಂಬಿಯಡಿ ನುಸುಳಿ ಆಚೆಗೆ ಹೋದವು.

ಆಮೇಲೆ ಜಟ್ಟಿ ಕಿಟಕಿಗೆ ಮುಖ ಕೊಟ್ಟು ಹೆಂಡತಿಯನ್ನು ಕೂಗಿದ ಕೂಗಿಗೆ ಅವಳು ಮೇವಿನ ಹೊರೆಯನ್ನು ಅಲ್ಲೇ ಎಸೆದು ಓಡಿ ಬಂದಳು.

"ಏನಾಯ್ತ್ರೀ? ಬಿದ್ರಾ?"

"ನಾನಲ್ಲ, ಅವನು. ಹಸು ಗುದ್ದಿಬಿಟ್ಟಿದೆ. ಕಾಲು ಮುರ್ದಿರಬೇಕು, ಏಳಕ್ಕಾಗ್ತಿಲ್ಲ. ಇದನ್ನ ಬಿಟ್ಟು ನಾನು ಬೇರೆ ಯಾರಿಗೂ ಫೋನ್ ಮಾಡೋ ಹಂಗಿಲ್ಲ. ನೀನು ಟೋಪಿಯಮ್ಮಂಗೆ ಹೇಳು. ಅವಳಿಗೆ ಅವನ ಊರು ಗೊತ್ತು."

ಏನು ಎತ್ತ ಎಂದು ಕೇಳದೆ ಅವಳು ತನ್ನ ಫೋನು ಎತ್ತಿಕೊಂಡು ಅಂಗಳಕ್ಕೆ ಹೋದಳು. ಅವಳ ಫೋನಿಗೆ ನೀರಿನ ತೊಟ್ಟಿಯ ಹತ್ತಿರ ಮಾತ್ರ ಸಿಗ್ನಲ್ಲು. ಫೋನು ಸರಿಯಾಗಿ ತಿರುಗಿಸಲೆಂದು ಅವಳು ಜೋರಾಗಿ, ಬಿಡಿಸಿ ಬಿಡಿಸಿ ಹೇಳುವುದು ಕೇಳುತ್ತಿತ್ತು. "ಕೆಂಪು ಬೂಟು ಅಂದ್ರೆ ಅವಳಿಗೇನು ಗೊತ್ತಾಗತ್ತೆ" ಎಂದು ತನ್ನನ್ನೇ ಬೈದುಕೊಂಡು ಮತ್ತೆ ಮೊದಲಿನಿಂದ ಹೇಳಿದಳು. ಸ್ವಲ್ಪದರಲ್ಲೇ ಕಿಟಕಿಗೆ ಬಂದಳು.

"ಗೊತ್ತಾಯ್ತಂತೆ. ಅಲ್ಲಿ ಹಾಲಿನ ಲಾರಿಯವನಿಗೆ ಹೇಳಿ ಕಳಿಸ್ತಾಳಂತೆ. ಆದ್ರೆ ದೂರ ಅಂತೆ. ಚಳಿ ಇದೆ, ನಿದ್ದೆ ಹೋಗೋಕೆ ಬಿಡಬೇಡಿ, ಮಾತಾಡಿಸ್ತಾ ಇರಿ ಅಂದಳು."

"ಅವನಿಗೆ ನನ್ನ ಭಾಷೆ ಎಲ್ಲಿ ಬರತ್ತೆ? ಈ ಕ್ಯಾಮೆರಾ ಮಾತು ತಿರುಗಿಸಲ್ಲ."

"ಬರದೇ ಹೋದ್ರೆ ಏನೀಗ? ದನದ ಹತ್ರ ಆಡಲ್ವಾ?" ಎಂದು ಮತ್ತೆ ತೊಟ್ಟಿಯ ಕಡೆಗೆ ಹೋದಳು.

ಜಟ್ಟಿ ಗುಂಡಿ ಒತ್ತಿದ. "ಅಣ್ಣಾ," ಎಂದ. ಮೂಲೆಯಲ್ಲಿ ಬಿದ್ದಿದ್ದ ಮನುಷ್ಯ ತಲೆಯನ್ನು ಸ್ವಲ್ಪ ತಿರುಗಿಸಿದ. ಕೋಟು ಮೈಮೇಲಿರಲಿಲ್ಲ, ಹಸುವಿನ ಕಾಲಡಿ ಸಿಕ್ಕಿತ್ತು. "ಅಣ್ಣಾ, ಜನ ಬರ್ತಿದಾರೆ. ಕಣ್ಣು ಮುಚ್ಚಬೇಡ." ಅವನು ತನ್ನ ಭಾಷೆಯಲ್ಲಿ ಏನೋ ಅಂದ. ಇವನು ಹೂಂಗುಟ್ಟಿದ. ಮಾತು ಎಂದ ಮೇಲೆ ಏನಾದರೂ ಆಡಬೇಕಲ್ಲ. ಹೆಣ್ಣು ಕರು, ಮೂತಿ ತಾಯಿಯ ಹಾಗೇ ಬಿಳಿ ಎಂದ. ಆಗಲೇ ಎದ್ದು ನಿಲ್ಲಲು ನೋಡುತ್ತಿದೆ ಎಂದ. ನಮ್ಮ ಕಡೆ ಈ ಸಲ ಮೇವು ಚೆನ್ನಾಗಿದೆ, ಹಿಂಡಿಯಲ್ಲಿ ಮಾತ್ರ ಬರೀ ಹೊಟ್ಟು ಎಂದ. ಅವನ ಕಣ್ಣು ಮುಚ್ಚಿದಂತೆ ಕಂಡಾಗಲೆಲ್ಲ ಅಣ್ಣಾ ಎಂದು ಗದರಿದ. ಹೀಗೆ ಆಡುತ್ತ ಆಡುತ್ತ ಮಾತು ಖಾಲಿಯಾಯಿತು. ಆಚೆಯವನ ಗಲ್ಲ ಎದೆಗೆ ಜಾರಿತು.

"ಅಣ್ಣಾ! ನಂಗೂ ಹಿಂಗೇ ಆಗಿತ್ತು ಕಣಣ್ಣಾ. ಇದೇ ಗೋಣಿಚೀಲ, ಇದೇ ಥರ. ತೊಡೆ ಮುರೀತು."

ಗಲ್ಲ ಮೇಲೆದ್ದಿತು.

"ಈಗ ಸರಿಹೋಗಿದೆ. ನಿಂಗೂ ಹೋಗತ್ತೆ. ಕಾಲಿಗೇನೂ ಆಗಿಲ್ಲ ನಂಗೆ. ನಡೀತೀನಿ. ಓಡು ಅಂದ್ರೆ ಓಡ್ತೀನಿ. ನೋವೂ ಇಲ್ಲ ಏನೂ ಇಲ್ಲ, ಸುಳ್ಳು ಹೇಳ್ಕೊಂಡು ಕೂತಿದೀನಿ. ಭಯ ಅಣ್ಣಾ. ಅದು ಉಸಿರು ಬಿಟ್ರೆ ಸಾಕು, ಕೈಕಾಲು ಹಿಡ್ಕೊಂಡುಬಿಡತ್ತೆ. ಮೂಗು ಹಿಡಿದು ಹೋರಿ ನಿಲ್ಲಿಸ್ತಿದ್ದೋನು ನಾನು. ಈಗ ಕಿಟಕಿಯಿಂದ ಆ ಕಡೆ ನೋಡೋಕೂ ಆಗಲ್ಲ. ಅವಳು ಒಬ್ಬಳೇ ಅದರ ಕೆಳಗೆ ಕೂರ್ತಾಳೆ, ನಾನು ಇಲ್ಲಿ ಕೂತು ನಿನ್ನ ಕೊಟ್ಟಿಗೆ ನೋಡ್ತೀನಿ. ನಾಚಿಕೆ ಆಗತ್ತೆ ಅಣ್ಣಾ. ಹೇಳೋದು ಯಾರಿಗೆ? ನಿಂಗೆ ಅರ್ಥ ಆಗಲ್ಲ ಅಂತ ಹೇಳ್ತಿದೀನಿ."

ಕೆಂಪು ಬೂಟಿನವನು ಕ್ಯಾಮೆರಾದ ಕಡೆಗೇ ನೋಡುತ್ತಿದ್ದ. ಏನೋ ಒಂದೆರಡು ಮಾತು ಅಂದ. ಅರ್ಥವಾಗದಿದ್ದರೂ ಜಟ್ಟಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಅಲ್ಲಿ ಬೆಳಕು ಅಲ್ಲಾಡಿತು. ಟಾರ್ಚು ಹಿಡಿದ ಇಬ್ಬರು ಓಡಿ ಬಂದರು, ಹಿಂದೆಯೇ ಕಂಬಳಿ ಹೊತ್ತ ಇನ್ನೊಬ್ಬ. ಕೆಂಪು ಬೂಟಿನವನನ್ನು ಸುತ್ತಿ, ಸ್ಟ್ರೆಚರು ತರಿಸಿ, ನಾಲ್ಕು ಮಾತಾಡಿ ಎತ್ತಿಕೊಂಡು ಹೊರಟರು. ಹೊರಡುವಾಗ ಅವನು ಕಂಬಳಿಯಿಂದ ಒಂದು ಕೈ ಹೊರಗೆ ತೆಗೆದು ಮೇಲೆತ್ತಿದ. ಕೊಟ್ಟಿಗೆಯಲ್ಲಿ ಹಸು, ಕರು, ಬೆಳಕು ಮಾತ್ರ ಉಳಿದವು.

ಜಟ್ಟಿ ಮುಖ ಒರೆಸಿಕೊಂಡು ತಿರುಗಿದರೆ ಹೆಂಡತಿ ಬಾಗಿಲಲ್ಲಿದ್ದಳು. ಚೌಕಟ್ಟಿಗೆ ಒರಗಿ ನಿಂತಿದ್ದ ರೀತಿಯಲ್ಲೇ ಅವಳು ಈಗ ಬಂದವಳಲ್ಲ ಎಂದು ಗೊತ್ತಾಗುತ್ತಿತ್ತು.

"ಕರ್ಕೊಂಡು ಹೋದ್ರು," ಎಂದ.

"ಹೂಂ."

"ನೀನು ಯಾವಾಗ ಬಂದೆ?"

ಬೈದರೆ ಬೈಯಲಿ, ಇಷ್ಟು ದಿನ ದುಡಿಸಿಕೊಂಡೆಯಲ್ಲ ಎಂದು ಕೂಗಾಡಲಿ ಎಂದು ಅವನು ಕಾದ. ಹಾಗೆ ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಮುಖದ ಬೆವರು ಒರೆಸಿಕೊಂಡಳು.

"ನಂಗೆ ಭಯ ಇಲ್ಲ ಅಂದ್ಕೊಂಡಿದ್ರಾ?" ಎಂದಳು.

ಜಟ್ಟಿ ತಲೆಯೆತ್ತಿ ಅವಳನ್ನು ನೋಡಿದ.

"ನಿಮ್ಮನ್ನ ಅದರ ತಲೆ ಕೆಳಗಿಂದ ಎಳೆದೋಳು ನಾನು. ಮಾರನೆ ಬೆಳಗ್ಗೆ ಅದರ ಕೆಳಗೇ ಹೋಗಿ ಕೂತೆ. ಕೈ ಎಷ್ಟು ನಡುಗ್ತಿತ್ತು ಅಂದ್ರೆ ಮೊಲೆ ಹಿಡಿಯಕ್ಕಾಗ್ತಿರಲಿಲ್ಲ. ಇವತ್ತಿಗೂ ಹಂಗೇ. ನಿಮಗೆ ಕಾಲು ನೋವಾದ್ರೂ ಇದೆಯಲ್ಲ, ಕೂತ್ಕೋಬಹುದು ಅಂದ್ಕೋತಿದ್ದೆ. ನಾನು ಯಾವ ನೋವು ಹೇಳ್ಕೊಳ್ಳಲಿ?"

ಕೊಟ್ಟಿಗೆಯಿಂದ ಮಚ್ಚೆ ಕೂಗಿತು. ಸಂಜೆ ಹಾಲಿನ ಹೊತ್ತಾಗಿತ್ತು, ಕೆಚ್ಚಲು ತುಂಬಿದ ಹಸುವಿನ ಕೂಗು. ಅವಳು ಮಾತನ್ನು ಅಲ್ಲಿಗೇ ಬಿಟ್ಟು, ಅಡಿಗೆಮನೆಗೆ ಹೋಗಿ, ತೊಳೆದು ಬೋರಲು ಹಾಕಿದ್ದ ಬಕೆಟ್ಟು ತೆಗೆದುಕೊಂಡು ಅಂಗಳಕ್ಕಿಳಿದಳು. ಜಟ್ಟಿ ಎದ್ದ. ಕೋಲು ತೊಡೆಯಿಂದ ಜಾರಿ ನೆಲಕ್ಕೆ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಅವಳ ಹಿಂದೆ ಅಂಗಳ ದಾಟಿದ. ಹೊಸ್ತಿಲ ತನಕ ಕಾಲು ಬಂದವು, ಅಲ್ಲಿಂದಾಚೆ ಬರಲಿಲ್ಲ. ಒಳಗೆ ಕತ್ತಲು, ಗಂಜಲದ ವಾಸನೆ, ಮಚ್ಚೆಯ ಅಗಲವಾದ ಬೆನ್ನು. ಅದು ತಿರುಗಿ ನೋಡಿ ಫೂ ಎಂದಿತು. ಅವನು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಾಮ್ಮ, ಬಾ, ನಿಲ್ಲು," ಎನ್ನುತ್ತ ಹೆಂಡತಿ ಅದರ ಪಕ್ಕೆಗೆ ಕೈಯಿಟ್ಟು ಕೂತಳು. ದಿನವೂ ಕಿಟಕಿಯಿಂದ ಕೇಳುತ್ತಿದ್ದ ದನಿಯೇ. ಎಂಥ ಧೈರ್ಯ ಇವಳದ್ದು ಎಂದುಕೊಳ್ಳುತ್ತಿದ್ದ. ಹತ್ತಿರದಿಂದ ಕೇಳಿದರೆ ಅದು ನಡುಗುತ್ತಿತ್ತು.

"ನಾನು... ಬರಲಾ?" ಎಂದ. ಅವನು ಬರಲಾರನೆಂದು ಇಬ್ಬರಿಗೂ ಗೊತ್ತಿತ್ತು.

"ಬೇಡ. ಅಲ್ಲೇ ನಿಂತ್ಕೊಳ್ಳಿ," ಎಂದಳು, ತಲೆಯೆತ್ತದೆ. ಬಕೆಟ್ಟನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, "ಮಾತಾಡ್ತಾ ಇರಿ," ಎಂದಳು.

"ಏನು ಮಾತಾಡ್ಲಿ?"

"ಏನಾದ್ರೂ. ಅವನ ಹತ್ರ ಆಡಿದ್ರಲ್ಲ, ಹಂಗೆ."

"ಈ ಸಲ ಮೇವು ಚೆನ್ನಾಗಿ ಬಂದಿದೆ," ಎಂದ. "ನೀನು ಕೊಯ್ದಿದ್ದನ್ನ ಅಲ್ಲೇ ಬಿಸಾಕಿ ಬಂದೆಯಲ್ಲ, ಆಮೇಲೆ ನಾನು ಹೋಗಿ ತರ್ತೀನಿ. ಅದೇನು ಭಾರ ಇಲ್ಲ."

ಬಕೆಟ್ಟಿನ ತಳಕ್ಕೆ ಮೊದಲ ಹಾಲು ಚುರ್ರೆಂದು ಬಿತ್ತು. ಅವನು ಮಾತು ಹುಡುಕುತ್ತ ಸುಮ್ಮನಾದಾಗ ಆ ಸದ್ದೂ ನಿಂತಿತು. ಮತ್ತೆ ಶುರುಮಾಡಿದ, ಸದ್ದೂ ಶುರುವಾಯಿತು.